ಕನ್ನಡಿ ಮೂಲೆಯ ಹತ್ತು ದನಿ

ಕನ್ನಡಿಯ ಬಲಮೂಲೆಯಲ್ಲಿ ಸೋಪಿನಿಂದ ಬರೆದ ಹತ್ತು ಹೆಸರುಗಳಿದ್ದವು. ಅವುಗಳ ಪಕ್ಕದಲ್ಲಿ, ಕನ್ನಡಿಯ ಆಳದಲ್ಲಿ, ಬೆಟ್ಟದ ತುದಿಯ ಮೇಲೆ ನಿಂತ ಕಾರ್ಟೂನಿನ ವೀರ ತೇಜ ಎಡಗೈಯ ಖಡ್ಗವನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದ. ಇವೆರಡರ ನಡುವೆ, ಕಿವಿಯಿಂದ ಕಿವಿಗೆ ನೊರೆ ಮೆತ್ತಿಕೊಂಡ ಡ್ರಾಯಿಂಗ್ ಮೇಷ್ಟ್ರು ಪರಶಿವಮೂರ್ತಿಯವರ ಮುಖವಿತ್ತು. ಆ ಮುಖ ಬಾಯಿ ತೆರೆದು, ಬೆಂಚಿನ ಮೇಲೆ ಕೂತಿದ್ದ ಆರು ಜನಕ್ಕೂ ಕೇಳಿಸುವ ಹಾಗೆ ಹೇಳಿತು:

"ಏಳನೇ ಕ್ಲಾಸಲ್ಲಿ ಎಡ ಯಾವ್ದು ಬಲ ಯಾವ್ದು ಗೊತ್ತಾಗದೆ ಕಾಂಪೌಂಡ್ ಹಾರಿ ಓಡಿಹೋದವನು, ಈಗ ಕಲಾವಿದರಿಗೆಲ್ಲ ನಂಬರ್ ಹಾಕ್ತಾನೆ ನೋಡ್ರಪ್ಪ! ಯಾರಯ್ಯ ಕೊಟ್ಟಿದ್ದು ನಿನಗೆ ಮೇಷ್ಟ್ರ ಕೆಲಸ?"

ಬೆಂಚು ಗೊಳ್ಳೆಂದಿತು. ಇಸ್ತ್ರಿ ಅಂಗಡಿಯ ಇಮ್ತಿಯಾಜ್, ನನ್ನ ಜೊತೆ ಓದಿದವನು, ಗೆಳೆಯನ ಮರ್ಯಾದೆಗಾದರೂ ನಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಆದರೆ ಅವನ ಭುಜಗಳು ಕುಣಿಯುತ್ತಿದ್ದದ್ದು ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ನನ್ನ ಕೈಯಲ್ಲಿ ರೇಜರ್ ಇತ್ತು. ಮೇಷ್ಟ್ರ ಗಂಟಲು ಅದಕ್ಕೆ ನಾಲ್ಕು ಬೆರಳು ದೂರದಲ್ಲಿತ್ತು. ನನ್ನ ಸಿಟ್ಟನ್ನು ಬಲ್ಲ ದೊರೆಸ್ವಾಮಿ ಮಾವ ಪಕ್ಕದ ಕುರ್ಚಿಯವನನ್ನು ಅರ್ಧ ತಲೆಗೇ ಬಿಟ್ಟು ಬಂದು, ಏನೂ ನಡೆದಿಲ್ಲವೆಂಬಂತೆ ನನ್ನ ಬೆರಳುಗಳಿಂದ ರೇಜರನ್ನು ಬಿಡಿಸಿಕೊಂಡ.

"ನೀನೋಗಿ ಬ್ರಶ್ ತೊಳಿ. ಸಾರ್‌ದು ನಾನು ಮುಗಿಸ್ತೀನಿ," ಎಂದ.

ಆಗ ನನಗೆ ಹತ್ತೊಂಬತ್ತು ತುಂಬಿತ್ತೋ ಇಪ್ಪತ್ತೋ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಬಾಚಣಿಗೆ ಸಿಗದಿದ್ದರೆ ಸಿಟ್ಟು, ಸಿಕ್ಕಿದರೆ ಇಷ್ಟು ಹೊತ್ತು ಎಲ್ಲಿತ್ತು ಎಂದು ಸಿಟ್ಟು. ಯಾರಾದರೂ ಒಂದು ಮಾತೆಂದರೆ ಹತ್ತು ಹಿಂದಿರುಗಿಸದೆ ನನಗೆ ಊಟ ಸೇರುತ್ತಿರಲಿಲ್ಲ. ಆ ದಿನ ಬಚ್ಚಲಲ್ಲಿ ನಿಂತು ಬ್ರಶ್ಶನ್ನು ಎಷ್ಟು ಉಜ್ಜಿದೆನೆಂದರೆ ಅದರ ಕೂದಲು ಅರ್ಧ ಉದುರಿತು. ಆಮೇಲೆ ಮಾವ ಅದರ ಬಗ್ಗೆಯೇ ಬೈದ.

ನಮ್ಮ ಸೆಲೂನಿನ ಒಂದು ವಿಚಿತ್ರವನ್ನು ಇಲ್ಲಿ ಹೇಳಿಬಿಡಬೇಕು. ಟಿವಿ ಇದ್ದದ್ದು ಬಾಗಿಲಿರುವ ಹಿಂದಿನ ಗೋಡೆಯ ಮೇಲೆ, ಬೆಂಚಿನ ನೆತ್ತಿಗೆ. ಮಾವ ಅದನ್ನು ಕೊಂಡು ತಂದಾಗ ಕರೆಂಟಿನ ಪ್ಲಗ್ಗು ಅಲ್ಲಿ ಮಾತ್ರ ಇತ್ತಂತೆ. ಎದುರು ಗೋಡೆಗೆ ಈ ತುದಿಯಿಂದ ಆ ತುದಿಗೆ ಕನ್ನಡಿ. ಹಾಗಾಗಿ ಕುರ್ಚಿಯಲ್ಲಿ ಕೂತವರಾಗಲಿ, ಬೆಂಚಿನಲ್ಲಿ ಕಾಯುವವರಾಗಲಿ, ಯಾರೂ ಟಿವಿಯನ್ನು ನೇರವಾಗಿ ನೋಡಿದ್ದೇ ಇಲ್ಲ. ಎಲ್ಲರೂ ಕನ್ನಡಿಯಲ್ಲಿ ನೋಡುವವರು. ಅದರಲ್ಲಿ ಅಕ್ಷರಗಳು ಉಲ್ಟಾ ಕಾಣುತ್ತಿದ್ದವು. ಅದು ಎಲ್ಲರಿಗೂ ಗೊತ್ತಿತ್ತು. ಯಾರಿಗೂ ತೊಂದರೆ ಎನಿಸಿರಲಿಲ್ಲ. ನಾನಂತೂ ಉಲ್ಟಾ ಕನ್ನಡವನ್ನು ನೆಟ್ಟಗಿನ ಕನ್ನಡಕ್ಕಿಂತ ಬೇಗ ಓದುತ್ತಿದ್ದೆ. ಶಾಲೆಯಲ್ಲಿ ಕಲಿಯದೆ ಬಿಟ್ಟಿದ್ದನ್ನೆಲ್ಲ ಆ ಕನ್ನಡಿಯೇ ಕಲಿಸಿತೆಂದರೂ ಸರಿಯೇ.

ಕತ್ತರಿ ಕೈಯಲ್ಲಿದ್ದಾಗ ಹಿಂದೆ ತಿರುಗಬಾರದು, ಕನ್ನಡಿಯೊಳಗೂ ಕಣ್ಣು ನೆಡಬಾರದು ಎಂಬುದು ಮಾವನ ಕಟ್ಟಪ್ಪಣೆ. "ಒಂದ್ಸಲ ಒಬ್ಬರ ಕಿವಿ ಹೋಗಿದೆ ಕಣೋ ಇದೇ ಟಿವಿ ದೆಸೆಯಿಂದ," ಎನ್ನುತ್ತಿದ್ದ. ಯಾರ ಕಿವಿ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕಾರ್ಟೂನು ಬರುವ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ಕಮ್ಮಿ, ಕೇಳುತ್ತಿದ್ದದ್ದೇ ಹೆಚ್ಚು. ಕಣ್ಣು ಗಿರಾಕಿಯ ತಲೆಯ ಮೇಲೆ, ಕಿವಿ ಹಿಂದಿನ ಗೋಡೆಗೆ.

ಕೇಳಿ ಕೇಳಿ ನನಗೆ ಹುಚ್ಚು ಹಿಡಿಯಿತು. ಬೊಂಬೆಗೆ ಜೀವ ಬರುವುದು ಗೆರೆಯಿಂದಲ್ಲ, ಉಸಿರಿನಿಂದ ಎಂದು ನಾನು ಎಲ್ಲರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. 'ಡುಬ್ಬಣ್ಣನ ದೋಣಿ'ಯಲ್ಲಿ ನೀರಾನೆ ಡುಬ್ಬಣ್ಣ ಆಕಳಿಸುತ್ತಾನಲ್ಲ, ಆ ಆಕಳಿಕೆಯ ಕೊನೆಯಲ್ಲಿ ಸಣ್ಣದೊಂದು ನಾಚಿಕೆ ಇರುತ್ತದೆ. ಅದನ್ನು ಬರೆದು ತೋರಿಸಲಿ ನೋಡೋಣ ಯಾವನಾದರೂ! ಆ ನಾಚಿಕೆಗಾಗಿಯೇ ರಾಮಸ್ವಾಮಿ ಅರಳಿ ಎಂಬ ಕಲಾವಿದನನ್ನು ನಾನು ಎರಡನೇ ಸ್ಥಾನದಲ್ಲಿಟ್ಟಿದ್ದೆ. ಮೂರನೆಯದು 'ಏಳು ಬೆಟ್ಟದ ಕಾವಲುಗಾರ'ದಲ್ಲಿ ತೇಜನ ಕುದುರೆಗೆ ಕೆನೆಯುವ ಬಸವಂತ ಕೋಟಿ. ಒಂದು ಮಾತೂ ಆಡದೆ, ಸವಾರ ಸುಳ್ಳು ಹೇಳುತ್ತಿದ್ದಾನೆಂದು ಬರೀ ಮೂಗಿನಲ್ಲಿ ತಿಳಿಸುವ ಕುದುರೆ ಅದು. ತೇಜನಿಗೆ ದನಿ ಕೊಟ್ಟ ಜಯದೇವ ಹೊಳ್ಳನಿಗೆ ನಾಲ್ಕನೆಯದು ಮಾತ್ರ. ಯುದ್ಧದಲ್ಲಿ ಅವನನ್ನು ಮೀರಿಸುವವರಿಲ್ಲ, ಆದರೆ ದುಃಖ ಬಂದಾಗ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೊರಡುವ ಬಸ್ಸುಗಳ ಹೆಸರು ಹೇಳುವವನಂತೆ ಆಗುತ್ತಿದ್ದ.

ಮೊದಲ ಸ್ಥಾನ ಯಾವ ವಾರವೂ ಬದಲಾಗುತ್ತಿರಲಿಲ್ಲ. ವತ್ಸಲಾ ಕಿಣಿ. 'ಮುಂಗುಸಿ ಪತ್ತೇದಾರ'ದ ಮುಂಗುಸಿ ಆಕೆಯೇ ಎಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ತೇಜನ ಕತೆಯಲ್ಲಿ ಕುರಿ ಕಾಯುವ ಹುಡುಗ ಚಿಂಟನಿಗೂ, ಬೆಟ್ಟ ನಡುಗುವ ಹಾಗೆ ಗುಡುಗುವ ದುಷ್ಟೆ ಕಾಳರಾಣಿಗೂ ಅದೇ ವತ್ಸಲಾ ಕಿಣಿಯೇ ದನಿ ಎಂಬುದು ನನ್ನ ವಾದವಾಗಿತ್ತು. ವಾರವಾರ ಕಾರ್ಟೂನಿನ ಕೊನೆಗೆ 'ದನಿ ನೀಡಿದವರು' ಎಂದು ಬರೀ ಹೆಸರುಗಳು ಓಡುತ್ತಿದ್ದವು. ಯಾರ ದನಿ ಯಾವ ಪಾತ್ರಕ್ಕೆ ಎಂದು ಹಾಕುತ್ತಿರಲಿಲ್ಲ. ಒಂದು ಧಾರಾವಾಹಿಯಲ್ಲಿ ಸಿಕ್ಕ ಹೆಸರನ್ನು ಇನ್ನೊಂದರಲ್ಲಿ ಕೇಳಿದ ಗಂಟಲಿಗೆ ಹೊಂದಿಸುತ್ತ, ಒಬ್ಬೊಬ್ಬರನ್ನು ಪತ್ತೆ ಹಚ್ಚಲು ನನಗೆ ವರ್ಷಗಳೇ ಹಿಡಿದಿದ್ದವು.

ನನ್ನ ಪಟ್ಟಿಯನ್ನು ಶನಿವಾರ ಸಂಜೆ ಅಂಗಡಿ ಗುಡಿಸಿದ ಮೇಲೆ ಸವೆದ ಸೋಪಿನ ತುಂಡಿನಿಂದ ಕನ್ನಡಿಯ ಮೂಲೆಯಲ್ಲಿ ಬರೆಯುತ್ತಿದ್ದೆ. ಮೊದಮೊದಲು ಮಾವ ಗೊಣಗಿದ. ಆಮೇಲೆ ಜನ ಅದನ್ನು ಓದುವುದಕ್ಕೇ ಬಂದು, ಬಂದ ತಪ್ಪಿಗೆ ಗಡ್ಡವನ್ನೂ ಮಾಡಿಸಿಕೊಂಡು ಹೋಗುವುದನ್ನು ಕಂಡು ಸುಮ್ಮನಾದ. ಶಾಲೆ ಬಿಟ್ಟ ಮೇಲೆ ನಾನು ಕೈಯಾರೆ ಬರೆದದ್ದು ಅದೊಂದೇ. ಆ ಒಂದು ಮೊಳದ ಗಾಜಿನ ಮೇಲೆ ನಾನು ಹೇಳಿದ್ದೇ ಕೊನೆಯ ಮಾತಾಗಿತ್ತು. ಮೇಷ್ಟ್ರು ಕೈ ಹಾಕಿದ್ದು ಅದಕ್ಕೇ.

ಬ್ರಶ್ಶು ತೊಳೆದು ಹೊರಗೆ ಬಂದಾಗ ಅವರ ಒಂದು ಗಲ್ಲ ನುಣ್ಣಗಾಗಿತ್ತು.

"ಒಂದೇ ಗಂಟಲಲ್ಲಿ ನಗಾರಿನೂ ಬರುತ್ತೆ, ಪೀಪಿನೂ ಬರುತ್ತೆ ಅಂತೀಯೇನಯ್ಯ?" ಅವರು ನಿಲ್ಲಿಸಿರಲೇ ಇಲ್ಲ. "ನಾನು ಮೂವತ್ತು ವರ್ಷ ಚಿತ್ರ ಹೇಳಿಕೊಟ್ಟವನು. 'ಗುಡಾಣದ ಅಜ್ಜಿ'ಲಿ ಅಜ್ಜಿ ತಲೆಗೂದಲನ್ನ ಎಳೆ ಎಳೆಯಾಗಿ ಬರೆದಿದಾರೆ, ಅದನ್ನ ನೋಡಿದೀಯಾ? ಅದು ಕಲೆ! ನೋಡಬೇಕಾದ್ದನ್ನ ಕೇಳಿಸ್ಕೊಂಡು ನಂಬರ್ ಕೊಡೋನು ನೀನೊಬ್ಬನೇ."

"ಬೇಕಾದ್ರೆ ಪಂದ್ಯ ಕಟ್ಟಿ ಸಾರ್," ಎಂದೆ.

ಮಾವ ಕಣ್ಣು ಮುಚ್ಚಿದ. ಬೆಂಚು ಕಣ್ಣು ತೆರೆಯಿತು.

"ಮುಂದಿನ ಭಾನುವಾರ ಏಳು ಬೆಟ್ಟದ ಕಡೇ ಭಾಗ," ಎಂದೆ. "ಒಂಬತ್ತು ವರ್ಷದ್ದು ಮುಗೀತಿದೆ. ಅವತ್ತು ಯಾರ ದನಿ ಯಾರಿಗೆ ಅಂತ ಪೂರ್ತಿ ಹಾಕ್ತಾರಂತೆ, ಪೇಪರಲ್ಲಿ ಬಂದಿದೆ. ಟಿವಿ ಮೇಲೆ ಬಟ್ಟೆ ಹೊದಿಸಿ. ನಾನು ಬರೀ ಕೇಳಿ ಹೆಸರು ಹೇಳ್ತೀನಿ."

ಮೇಷ್ಟ್ರು ಕನ್ನಡಿಯೊಳಗಿನ ನನ್ನನ್ನು ನೋಡಿದರು. "ಹತ್ತು ದನಿ. ಒಂದು ತಪ್ಪಿದರೂ ಆ ಪಟ್ಟಿ ಒರೆಸಬೇಕು. ಇನ್ನೊಂದು ಸಲ ಆ ಗಾಜಿನ ಮೇಲೆ ಸೋಪು ಇಡಬಾರದು. ಒಪ್ಪಿಗೇನಾ?"

"ತಪ್ಪದಿದ್ರೆ?"

"ತಪ್ಪದಿದ್ರೆ ನಾನೇ ನನ್ನ ಕೈಯಾರೆ, ಎಣ್ಣೆ ಬಣ್ಣದಲ್ಲಿ, ಆ ಪಟ್ಟೀನ ಈ ಗೋಡೆ ಮೇಲೆ ಬರೆದುಕೊಡ್ತೀನಿ. ಅಳಿಸಿಹೋಗದ ಹಾಗೆ."

ಆ ವಾರವಿಡೀ ಬೀದಿಗೆ ಬೇರೆ ಮಾತಿರಲಿಲ್ಲ. ಇಮ್ತಿಯಾಜ್ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಬಂದು ನನ್ನ ಬೆನ್ನ ಹಿಂದೆ ನಿಂತು ಒಂದೊಂದು ಪಾತ್ರದ ದನಿ ಮಾಡುತ್ತಿದ್ದ. ಎಲ್ಲವೂ ಇಮ್ತಿಯಾಜನ ಹಾಗೆಯೇ ಕೇಳಿಸುತ್ತಿತ್ತು. "ನೀನು ಸೋತರೆ ನಾನು ಬೇರೆ ಕಡೆ ಗಡ್ಡ ಮಾಡಿಸ್ಕೋತೀನಿ ಮಗಾ, ನಾಚಿಕೆಗೆ," ಎಂದ. ಅವನಿಗೆ ಆಗ ಗಡ್ಡವೇ ಸರಿಯಾಗಿ ಬಂದಿರಲಿಲ್ಲ.

ಅಂಗಡಿಯ ಮೆಟ್ಟಿಲ ಪಕ್ಕ ಹೂವು ಮಾರುತ್ತಿದ್ದ ತಾಯಮ್ಮ ಮಾತ್ರ ನನ್ನ ಕಡೆಯವಳು. ಒಳಗಿನ ಟಿವಿಗೆ ಬೆನ್ನು ಹಾಕಿ ಕೂತು, ಒಂಬತ್ತು ವರ್ಷದ ಕತೆಯನ್ನೂ ಮಾಲೆ ಕಟ್ಟುತ್ತಲೇ ಕೇಳಿದ್ದಳು. "ಆ ಕುರಿ ಹುಡುಗನೂ ರಾಣೀನೂ ಒಬ್ಬಳೇ ಕಣ್ ಮಗಾ. ನನಗೂ ಹಂಗೇ ಅನ್ಸಿತ್ತು," ಎಂದಳು. ಯಾಕೆ ಹಾಗನ್ನಿಸಿತು ಎಂದರೆ, "ಅದೇನೋಪ್ಪ, ಇಬ್ಬರಿಗೂ ಹಸಿವಾದಂಗಿರುತ್ತೆ," ಎಂದಳು.

ನನ್ನ ಕಾರಣ ಬೇರೆಯಿತ್ತು. ದಿನಕ್ಕೆ ಇಪ್ಪತ್ತು ಗಂಟಲುಗಳ ಮೇಲೆ ರೇಜರ್ ಎಳೆಯುವವನಿಗೆ, ಮಾತು ಹೊರಡುವ ಮೊದಲು ಗಂಟಲು ಏನು ಮಾಡುತ್ತದೆಂದು ಗೊತ್ತಿರುತ್ತದೆ. ಕೆಲವರು ನುಂಗುತ್ತಾರೆ. ಕೆಲವರ ಗಂಟಲಮಣಿ ಮೇಲೆ ಹೋಗಿ ಅಲ್ಲೇ ಒಂದು ಗಳಿಗೆ ನಿಲ್ಲುತ್ತದೆ. ವತ್ಸಲಾ ಕಿಣಿ ದೊಡ್ಡ ಮಾತಿಗೆ ಮೊದಲು ಮೂಗಿನಿಂದ ಒಂದು ಚಿಟಿಕೆ ಗಾಳಿ ತೆಗೆದುಕೊಳ್ಳುತ್ತಿದ್ದಳು, ನಶ್ಯ ಏರಿಸುವವರ ಹಾಗೆ. ಮುಂಗುಸಿಯಲ್ಲೂ ಅದೇ, ಚಿಂಟನಲ್ಲೂ ಅದೇ, ಕಾಳರಾಣಿಯಲ್ಲೂ ಅದೇ. ದನಿ ಬದಲಿಸಬಹುದು, ಉಸಿರು ಎಳೆದುಕೊಳ್ಳುವ ರೀತಿ ಬದಲಿಸುವುದಕ್ಕೆ ಯಾರಿಗೂ ನೆನಪಿರುವುದಿಲ್ಲ.

ಭಾನುವಾರ ಬಂತು. ಬೆಂಚಿನಲ್ಲಿ ಆರು ಜನ ಕೂರುವ ಕಡೆ ಹನ್ನೊಂದು ಜನ ಕೂತರು, ಉಳಿದವರು ಬಾಗಿಲಲ್ಲಿ ನಿಂತರು. ಮೇಷ್ಟ್ರು ಸರಿಯಾಗಿ ಹತ್ತಕ್ಕೆ ಐದು ನಿಮಿಷವಿರುವಾಗ ಬಂದು, ಕೊಡೆಯನ್ನು ಮೂಲೆಗೆ ಒರಗಿಸಿ, ಗಡ್ಡಕ್ಕೆಂದು ಕುರ್ಚಿಯಲ್ಲಿ ಕೂತರು. ನಾನು ನೊರೆ ಹಚ್ಚಿದೆ. ಮಾವ ರೇಜರನ್ನು ಜೇಬಿಗೆ ಹಾಕಿಕೊಂಡ. "ಪಂದ್ಯ ಮುಗಿಯೋವರೆಗೂ ಈ ಅಂಗಡೀಲಿ ಯಾರೂ ಕಬ್ಬಿಣ ಮುಟ್ಟಂಗಿಲ್ಲ," ಎಂದ. ಇಮ್ತಿಯಾಜ್ ಬೆಂಚು ಹತ್ತಿ, ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಟಿವಿಗೆ ಹೊದಿಸಿ, ಕುತ್ತಿಗೆಗೆ ಕಟ್ಟುವ ಹಾಗೆ ಹಿಂದೆ ಗಂಟು ಹಾಕಿದ. ಗಡ್ಡ ಮಾಡಿಸಿಕೊಳ್ಳಲು ಕೂತ ದೊಡ್ಡ ಮನುಷ್ಯನ ಹಾಗೆ ಕಂಡಿತು ಟಿವಿ.

ಕತೆ ಶುರುವಾಯಿತು. ನಾನು ಹೆಸರು ಹೇಳುತ್ತಾ ಹೋದೆ; ಇಮ್ತಿಯಾಜ್ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಂಡ. ಕೋಟೆ ಬಾಗಿಲು ಕಾಯುವ ಮುದುಕ, ರಾಮಸ್ವಾಮಿ ಅರಳಿ. "ಡುಬ್ಬಣ್ಣ ಇಲ್ಲಿಗೂ ಬಂದ್ನಾ!" ಎಂದು ಯಾರೋ ಕಿರುಚಿದರು. ಕುದುರೆ, ಬಸವಂತ ಕೋಟಿ. ಅದೇ ಕೋಟಿ ಸೇನಾಪತಿಯ ಕೆಮ್ಮು ಕೂಡ. ಕೆಮ್ಮಿಗೂ ಹೆಸರು ಕೊಟ್ಟದ್ದಕ್ಕೆ ಬೆಂಚು ಚಪ್ಪಾಳೆ ಹೊಡೆಯಿತು. ಹೀಗೆ ಎಂಟು ದನಿಗಳಾದವು.

ಆಮೇಲೆ ಕೊನೆಯ ದೃಶ್ಯ. ಏಳನೇ ಬೆಟ್ಟದ ಮೇಲೆ ಬಿದ್ದು ಒದ್ದಾಡುತ್ತಿರುವ ಕಾಳರಾಣಿ. ಅವಳಿಗೆ ನೀರು ಕೊಡಲು ಯಾರೂ ಇಲ್ಲ, ಕುರಿ ಕಾಯುವ ಚಿಂಟ ಒಬ್ಬನನ್ನು ಬಿಟ್ಟು. ಇಬ್ಬರೂ ಮಾತಾಡತೊಡಗಿದರು. ಬಟ್ಟೆ ಹೊದ್ದ ಟಿವಿಯಿಂದ ಅವಳ ಗುಡುಗು, ಅವನ ಕೀಚು. "ಯಾಕೋ ನೀರು ಕೊಟ್ಟೆ?" ಎನ್ನುತ್ತಾಳೆ ಅವಳು. "ಬಾಯಾರಿತ್ತಲ್ಲ ನಿನಗೆ," ಎನ್ನುತ್ತಾನೆ ಅವನು. ಚಿತ್ರವೇ ಕಾಣದಿದ್ದರೂ ಹನ್ನೊಂದು ಗಂಡಸರು ಆ ಬಿಳಿ ಬಟ್ಟೆಯ ಬಿಂಬವನ್ನು ಕನ್ನಡಿಯಲ್ಲಿ ಎವೆಯಿಕ್ಕದೆ ನೋಡುತ್ತ ಕೂತಿದ್ದರು. ಎರಡು ಮಾತುಗಳ ನಡುವೆ ನನಗೆ ಕೇಳಿಸಿತು, ಮೂಗಿನಿಂದ ಆ ಒಂದು ಚಿಟಿಕೆ ಗಾಳಿ. ಅವಳ ಕಡೆಯಿಂದ ಒಮ್ಮೆ, ಅವನ ಕಡೆಯಿಂದ ಒಮ್ಮೆ.

"ಎರಡೂ ವತ್ಸಲಾ ಕಿಣಿ," ಎಂದೆ. "ತನ್ನ ಜೊತೆ ತಾನೇ ಮಾತಾಡ್ತಿದಾಳೆ."

"ಬರ್ಕೊಳ್ಳಯ್ಯ, ಬರ್ಕೋ," ಎಂದರು ಮೇಷ್ಟ್ರು. ಆದರೆ ಅವರ ಮುಖದ ನೊರೆಯೊಳಗೆ ಕಣ್ಣಿನಿಂದ ಎರಡು ಗೆರೆ ಇಳಿದಿದ್ದವು.

ಕೊನೆಯ ಹಾಡು ಶುರುವಾದೊಡನೆ ಇಮ್ತಿಯಾಜ್ ಬಟ್ಟೆ ಎಳೆದ. ಬೆಟ್ಟದ ತುದಿಯಲ್ಲಿ ಖಡ್ಗ ಎತ್ತಿ ನಿಂತ ತೇಜನ ಅಲುಗದ ಚಿತ್ರ. ಅದರ ಮೇಲೆ ಹೆಸರುಗಳು ನಿಧಾನವಾಗಿ ಏರತೊಡಗಿದವು. ಮೇಷ್ಟ್ರು ಕುರ್ಚಿಯಿಂದ ಎದ್ದು ಟಿವಿಯ ಕಡೆ ನೇರವಾಗಿ ತಿರುಗಿದರು. ನಾನು ಕನ್ನಡಿಯ ಕಡೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ನಾವಿಬ್ಬರೂ ಒಂದೇ ಹೆಸರುಗಳನ್ನು ಒಟ್ಟಿಗೆ ಓದಿದೆವು. ಅವರು ನೆಟ್ಟಗಿನದನ್ನು, ನಾನು ಉಲ್ಟಾ ಇದ್ದದ್ದನ್ನು. ಒಂದೆರಡು ಕಡೆ ನಾನೇ ಮುಂದಿದ್ದೆ. "ಚಿಂಟ, ವತ್ಸಲಾ ಕಿಣಿ. ಕಾಳರಾಣಿ, ವತ್ಸಲಾ ಕಿಣಿ."

ಅಂಗಡಿ ಸೂರು ಹಾರಿಹೋಗುವ ಹಾಗೆ ಕೂಗಿತು. ಇಮ್ತಿಯಾಜ್ ಕ್ಯಾಲೆಂಡರ್ ಹಾಳೆಯನ್ನು ಬಾವುಟದ ಹಾಗೆ ಬೀಸಿದ. "ಹತ್ತಕ್ಕೆ ಹತ್ತು ಸಾರ್! ಬಣ್ಣ ತನ್ನಿ!"

ಮೇಷ್ಟ್ರಿಗೆ ಸೋಲು ಅಭ್ಯಾಸವಿರಲಿಲ್ಲ. ನೊರೆ ಒಣಗುತ್ತಿದ್ದ ಮುಖವನ್ನು ಒರೆಸಿಕೊಳ್ಳದೆ, ಟಿವಿಯ ಕಡೆ ಬೆರಳು ತೋರಿಸಿದರು.

"ಆಯ್ತಯ್ಯ, ಕಿವಿ ಇದೆ ನಿನಗೆ. ಒಪ್ಪಿದೆ. ಕಣ್ಣಿದೆಯಾ? ಅಲ್ಲಿ ನಿಂತಿದಾನಲ್ಲ, ಖಡ್ಗ ಯಾವ ಕೈಲಿದೆ ಹೇಳು ನೋಡೋಣ."

"ಎಡಗೈಲಿ," ಎಂದೆ.

"ಕೇಳಿದ್ರಾ!" ಮೇಷ್ಟ್ರು ಕುಣಿದೇಬಿಟ್ಟರು. "ಅವತ್ತೂ ಇದೇ ಹಟ, ಇವತ್ತೂ ಇದೇ ಹಟ! ಬಲಗೈ ಕಣಯ್ಯ, ಬಲಗೈ! ಕಣ್ಣೆದುರಿಗಿದೆ!"

"ಎಡಗೈ ಸಾರ್," ಎಂದ ಇಮ್ತಿಯಾಜ್, ಮೆಲ್ಲಗೆ.

"ಎಡಗೈನೇ ಅಲ್ವಾ?" ಎಂದಿತು ಬೆಂಚು. "ಒಂಬತ್ತು ವರ್ಷದಿಂದ ಎಡಗೈನೇ ಸಾರ್. ಎಡಚ ತೇಜ ಅಂತಲೇ ನಾವು ಕರೆಯೋದು."

ಇಡೀ ಅಂಗಡಿ ಎಡಗೈ ಎನ್ನುತ್ತಿತ್ತು. ಒಬ್ಬ ಮೇಷ್ಟ್ರು ಬಲಗೈ ಎನ್ನುತ್ತಿದ್ದರು. ಅವರಿಗೆ ಏನೋ ಆಗಿದೆ ಎಂಬಂತೆ ಎಲ್ಲರೂ ಅವರನ್ನು ಮರುಕದಿಂದ ನೋಡಿದರು. ನನಗೆ ನಗು ಬರಲಿಲ್ಲ. 'ಅವತ್ತೂ ಇದೇ ಹಟ' ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತ್ತು.

ಅವತ್ತು ಎಂದರೆ ಏಳನೇ ತರಗತಿ. ನಿಮ್ಮ ಮೆಚ್ಚಿನ ವೀರನ ಚಿತ್ರ ಬರೆಯಿರಿ ಎಂದಿದ್ದರು ಇದೇ ಮೇಷ್ಟ್ರು. ನಾನು ಮೂರು ದಿನ ಕೂತು ತೇಜನನ್ನು ಬರೆದೆ. ಖಡ್ಗದ ಹಿಡಿಯ ಮೇಲಿನ ಹಾವಿನ ಸುರುಳಿಯನ್ನೂ ಬಿಡಲಿಲ್ಲ, ಸೊಂಟದ ಒರೆಯನ್ನೂ ಬಿಡಲಿಲ್ಲ. ಮೇಷ್ಟ್ರು ಹಾಳೆಯನ್ನು ಇಡೀ ತರಗತಿಗೆ ಎತ್ತಿ ತೋರಿಸಿ, "ಎಡ ಬಲ ಗೊತ್ತಿಲ್ಲದ ಕತ್ತೆ ಬರೆದ ಚಿತ್ರ," ಎಂದರು. ಎಡಗೈಯೇ ಸಾರ್, ನಾನು ನೋಡಿದ್ದೇನೆ ಎಂದೆ. ತರಗತಿ ನಕ್ಕಿತು. ಅವರು ಕೆಂಪು ಪೆನ್ಸಿಲ್ಲಿನಲ್ಲಿ, ತೇಜನ ಮುಖವನ್ನೇ ಸುತ್ತುವರಿಯುವಂಥ ದೊಡ್ಡ ಸೊನ್ನೆ ಹಾಕಿದರು. ನಾನು ಕುಂಚ ತೊಳೆದ ನೀರಿನ ಡಬ್ಬಿಯನ್ನು ಹಾಜರಿ ಪುಸ್ತಕದ ಮೇಲೆ ಬೋರಲು ಹಾಕಿ, ಕಿಟಕಿಯಿಂದ ಧುಮುಕಿ, ಕಾಂಪೌಂಡ್ ಹಾರಿ ಹೋದವನು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಅಮ್ಮ ಅತ್ತಳು. ಮಾವ ಒಂದು ತಿಂಗಳು ಕಾದು ನೋಡಿ, ಆಮೇಲೆ ಕೈಗೆ ಕತ್ತರಿ ಕೊಟ್ಟ. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ನಾನು ತೇಜನನ್ನು ನೋಡಿದ್ದು ಈ ಬೆಂಚಿನ ಮೇಲೆ ಕೂತು, ಈ ಕನ್ನಡಿಯಲ್ಲಿ ಮಾತ್ರ.

ಆ ಯೋಚನೆ ಅಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ಸರಿಯಾಗಿ ಮಾವ ನನ್ನ ಭುಜ ಹಿಡಿದು ಖಾಲಿ ಕುರ್ಚಿಗೆ ತಳ್ಳಿದ. ಅದು ತಿರುಗುವ ಕುರ್ಚಿ. ಆದರೆ ಅದು ತಿರುಗಿದ್ದನ್ನು ಯಾರೂ ನೋಡಿರಲಿಲ್ಲ. ಅದರ ಮುಖ ಯಾವಾಗಲೂ ಕನ್ನಡಿಗೇ. ಮಾವ ಅದನ್ನು ಕಾಲಿನಿಂದ ಒದ್ದು, ಕಿರ್ರೆನ್ನಿಸಿ, ಅರ್ಧ ಸುತ್ತು ತಿರುಗಿಸಿ ನನ್ನನ್ನು ಟಿವಿಗೆ ಎದುರಾಗಿ ಕೂರಿಸಿದ.

"ನೋಡು," ಎಂದ.

ತೇಜನ ಬಲಗೈಯಲ್ಲಿ ಖಡ್ಗವಿತ್ತು.

ಆಮೇಲೆ ಮಾವ ನನ್ನ ಕೈಗೆ ಕೈಗನ್ನಡಿ ಕೊಟ್ಟ. ಕೂದಲು ಕತ್ತರಿಸಿದ ಮೇಲೆ ಗಿರಾಕಿಗೆ ಹಿಂದಲೆ ತೋರಿಸಲು ಹಿಡಿಯುತ್ತೇವಲ್ಲ, ಅದು. ಅದನ್ನು ಮುಖದೆದುರು ಹಿಡಿದಾಗ ನನ್ನ ಬೆನ್ನ ಹಿಂದಿನ ದೊಡ್ಡ ಕನ್ನಡಿ ಕಂಡಿತು, ಅದರೊಳಗೆ ಟಿವಿ, ಟಿವಿಯೊಳಗೆ ತೇಜ. ಅಲ್ಲೂ ಬಲಗೈ.

"ಒಂದು ಕನ್ನಡಿ ತಿರುಗಿಸಿದ್ದನ್ನ ಇನ್ನೊಂದು ಕನ್ನಡಿ ನೆಟ್ಟಗೆ ಮಾಡುತ್ತೆ," ಎಂದ ಮಾವ. "ದಿನಾ ನಾವೇ ಗಿರಾಕಿಗೆ ತೋರಿಸ್ತೀವಿ. ಎಡ ಬಲ ನೋಡಿ ಕ್ರಾಪು ತೆಗೆಯೋ ಜನ ನಾವು. ಒಬ್ಬನ ತಲೆಗಾದ್ರೂ ಹೊಳೀಬೇಡವೇನ್ರೋ?"

ಆಮೇಲೆ ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತು, ಕತ್ತು ಹಿಂದಕ್ಕೆ ತಿರುಗಿಸಿ, ಒಂಬತ್ತು ವರ್ಷದಲ್ಲಿ ಮೊದಲ ಸಲ ಟಿವಿಯನ್ನು ನೇರವಾಗಿ ನೋಡಿದರು.

"ಹಂಗಾದ್ರೆ ಕುದುರೆ ಊರಿಗೆ ಬರ್ತಿತ್ತು ಅಂದ್ಕೊಂಡಿದ್ದೆಲ್ಲ ಊರು ಬಿಟ್ಟು ಹೋಗ್ತಿದ್ದದ್ದಾ?" ಎಂದ ಒಬ್ಬ, ಗಾಬರಿಯಿಂದ.

"ಅವತ್ತು ಕ್ಲಾಸಲ್ಲಿ ನನಗೂ ಎಡಗೈ ಅಂತಲೇ ಗೊತ್ತಿದ್ದದ್ದು ಸಾರ್," ಎಂದ ಇಮ್ತಿಯಾಜ್. "ಇವನಿಗೆ ಬಿದ್ದಿದ್ದು ನೋಡಿ, ತೇಜನ್ನ ಅಳಿಸಿ ಬರೀ ಕುದುರೆ ಇಟ್ಟೆ. ಮೂವತ್ತೈದು ಬಂತು."

ಮೆಟ್ಟಿಲಿನಿಂದ ತಾಯಮ್ಮ ಇಣುಕಿದಳು. "ಅದೇನ್ರಪ್ಪ ಅಷ್ಟು ಗಲಾಟೆ? ನನಗಂತೂ ಎಡಾನೂ ಗೊತ್ತಿಲ್ಲ ಬಲಾನೂ ಗೊತ್ತಿಲ್ಲ. ಅವನು ಕತ್ತಿ ಹಿಡಿದಿದ್ದ ಅನ್ನೋದೇ ಇವತ್ತು ತಿಳೀತು. ನಾನು ದೊಣ್ಣೆ ಅಂದ್ಕೊಂಡಿದ್ದೆ."

ಆಗ ಎದ್ದ ನಗು ಎಂಥದ್ದೆಂದರೆ, ಪಂದ್ಯಕ್ಕೆಂದು ಅರ್ಧ ತಲೆಗೇ ನಿಲ್ಲಿಸಿದ್ದ ಗಿರಾಕಿಯೊಬ್ಬ ಕುರ್ಚಿಯಿಂದ ಜಾರಿ ಕೆಳಗೆ ಕೂತ. ಮಾವ ಕಣ್ಣೊರೆಸಿಕೊಂಡು ನಕ್ಕ. ನಾನೂ ನಕ್ಕೆ. ನಗುತ್ತಲೇ ಗಮನಿಸಿದೆ, ಒಬ್ಬರು ಮಾತ್ರ ನಗುತ್ತಿರಲಿಲ್ಲ. ಮೇಷ್ಟ್ರು ದೊಡ್ಡ ಕನ್ನಡಿಯ ಎದುರು ನಿಂತು, ಅದರೊಳಗೆ ಮರೆಯಾಗುತ್ತಿದ್ದ ಎಡಗೈಯ ತೇಜನನ್ನು ನೋಡುತ್ತಿದ್ದರು. ಅವರ ಬೆರಳು ಗಾಳಿಯಲ್ಲಿ ಏನನ್ನೋ ಬರೆಯುತ್ತಿತ್ತು: ಖಡ್ಗದ ಹಿಡಿ, ಅದರ ಮೇಲೆ ಹಾವಿನ ಸುರುಳಿ, ಆಮೇಲೆ ಸೊಂಟದ ಇನ್ನೊಂದು ಬದಿಯಲ್ಲಿ ಒರೆ.

"ಒರೆ ಕೂಡ ಬಲಗಡೆಗೇ ಬರೆದಿದ್ದೆ ನೀನು," ಎಂದರು, ನನ್ನ ಕಡೆ ತಿರುಗದೆ. "ಅಂಗಿ ಗುಂಡಿ ಕೂಡ ಈ ಕಡೆಗೇ. ಒಂದೂ ಬಿಟ್ಟಿರಲಿಲ್ಲ. ಹಟಕ್ಕೆ ಮಾಡಿದಾನೆ ಅಂದ್ಕೊಂಡೆ."

ಏಳು ವರ್ಷದ ಹಿಂದಿನ ಹಾಳೆಯನ್ನು ಅವರು ಗುಂಡಿಯವರೆಗೂ ನೆನಪಿಟ್ಟಿದ್ದರು. ಅದು ನನಗೆ ಗೊತ್ತಿರಲಿಲ್ಲ.

ಹಾಡು ಮುಗಿದು ಟಿವಿಯಲ್ಲಿ ಯಾವುದೋ ಹಲ್ಲುಪುಡಿಯ ಜಾಹೀರಾತು ಬಂತು. ಮೇಷ್ಟ್ರು ಕನ್ನಡಿಯ ಬಲಮೂಲೆಗೆ ಹೋದರು. ಅಲ್ಲಿದ್ದ ಒದ್ದೆ ಟವಲನ್ನು ಕೈಗೆತ್ತಿಕೊಂಡಾಗ ಬೆಂಚು ಮುಂದಕ್ಕೆ ಬಾಗಿತು. ಪಟ್ಟಿಯನ್ನು ಒರೆಸುತ್ತಾರೆಂದು ನಾನೂ ತಿಳಿದೆ. ಅವರು ಅದರಿಂದ ತಮ್ಮ ಮುಖದ ಒಣಗಿದ ನೊರೆಯನ್ನು ಒರೆಸಿಕೊಂಡರು. ಆಮೇಲೆ ಸೋಪಿನ ಹತ್ತು ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿ, ಗೋಡೆಯ ಮೇಲೆ ಗೇಣು ಹಾಕಿ ಅಳತೆ ತೆಗೆದುಕೊಂಡರು. ಎಷ್ಟು ಬಣ್ಣ ಬೇಕೆಂದು ಲೆಕ್ಕ ಹಾಕುತ್ತಿದ್ದಾರೆಂದು ನನಗೆ ತಡವಾಗಿ ತಿಳಿಯಿತು.

ಅಳತೆ ಮುಗಿಸಿ ಅವರು ಕನ್ನಡಿಯೊಳಗಿನ ನನ್ನನ್ನು ನೋಡಿದರು. ಹಳೆಯ ಗತ್ತು ಅರ್ಧ ವಾಪಸು ಬಂದಿತ್ತು, ಅರ್ಧ ಬಂದಿರಲಿಲ್ಲ.

"ಲೋ, ನೀನು ಹತ್ತು ಜನಕ್ಕೆ ನಂಬರ್ ಹಾಕೋನು. ಹೇಳು. ಆ ಚಿತ್ರಕ್ಕೆ ಈಗ ಎಷ್ಟು ಕೊಡಲಿ?"

ಬೆಂಚು ನನ್ನ ಬಾಯಿ ನೋಡಿತು. ಏಳು ವರ್ಷ, ಪ್ರತಿ ದಿನ, ಪ್ರತಿ ತಲೆಯ ಮೇಲೆ ಕತ್ತರಿ ಆಡಿಸುತ್ತ ನಾನು ಆ ಮನುಷ್ಯನಿಗೆ ಕೊಡಬೇಕಾದ ಉತ್ತರಗಳನ್ನು ಮಸೆದಿಟ್ಟುಕೊಂಡಿದ್ದೆ. ಒಂದಕ್ಕಿಂತ ಒಂದು ಹರಿತವಾಗಿದ್ದವು. ಅವುಗಳಲ್ಲಿ ಒಂದನ್ನು ಆರಿಸಲೆಂದು ಮೂಗಿನಿಂದ ಒಂದು ಚಿಟಿಕೆ ಗಾಳಿ ಎಳೆದುಕೊಂಡೆ. ಎಳೆದುಕೊಂಡಿದ್ದು ನನಗೇ ಕೇಳಿಸಿತು.

ಟಿವಿಯಿಂದ ಬಿಚ್ಚಿದ ಬಿಳಿ ಬಟ್ಟೆ ಬೆಂಚಿನ ಮೇಲಿತ್ತು. ಅದನ್ನು ಕೊಡವಿಕೊಂಡು ಬರಬೇಕೆನ್ನಿಸಿತು. ಎತ್ತಿ ಬಲ ಹೆಗಲಿಗೆ ಹಾಕಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ತಾಯಮ್ಮನ ಹೂವಿನ ಬುಟ್ಟಿ ದಾಟಿ ಬೀದಿಗಿಳಿದೆ. "ಗೆದ್ದೇನೋ?" ಎಂದಳು ಅವಳು. ಬೀದಿಯಾಚೆ ನಿಂತು ಒಮ್ಮೆ ತಿರುಗಿ ನೋಡಿದೆ. ತೆರೆದ ಬಾಗಿಲ ಮೂಲಕ ಕನ್ನಡಿ ಕಾಣುತ್ತಿತ್ತು. ಸೋಪಿನ ಹತ್ತು ಹೆಸರುಗಳ ಪಕ್ಕದಲ್ಲಿ, ಗಾಜಿನ ಆಳದಲ್ಲಿ, ಬಿಸಿಲು ಬಿದ್ದ ಬೀದಿಯಲ್ಲಿ ಒಬ್ಬ ನಿಂತಿದ್ದ. ಬಿಳಿ ಬಟ್ಟೆ ಅವನ ಎಡ ಹೆಗಲ ಮೇಲಿತ್ತು.